ದತ್ತಿಯೋ, ವಾರ್ಷಿಕ ಭಿಕ್ಷೆಯೋ?

ದತ್ತಿಯು ಸೂರ್ಯಚಂದ್ರರಿರುವವರೆಗೆ ನಡೆಯಬೇಕು, ಅಪಹರಿಸಿದವನಿಗೆ ಪಾಪ ತಟ್ಟುತ್ತದೆ ಎಂಬ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಸಾರ್ವಜನಿಕ ಟೆಲಿವಿಷನ್ನಿನ ಕಥೆಯನ್ನು ಓದಿದಾಗ ನನಗೆ ಆ ಮಾತು ನೆನಪಾಯಿತು.

1967ರಲ್ಲಿ ಕಾರ್ನೆಗಿ ಆಯೋಗವು ಟೆಲಿವಿಷನ್ ಸೆಟ್ಟುಗಳ ಮೇಲೆ ತೆರಿಗೆ ಹಾಕಿ, ಆ ಹಣವನ್ನು ಪ್ರತ್ಯೇಕ ನಿಧಿಯಲ್ಲಿಡಬೇಕೆಂದು ಸೂಚಿಸಿತು. ವರ್ಷವರ್ಷವೂ ರಾಜಕಾರಣಿಗಳ ಮುಂದೆ ಕೈಚಾಚುವಂತಾಗಬಾರದೆಂಬುದು ಅದರ ಆಶಯ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಕಾಯಿದೆಗೆ ಸಹಿ ಹಾಕಿದರು. ಸಂಸ್ಥೆ ಹುಟ್ಟಿತು, ತೆರಿಗೆ ಮಾತ್ರ ಬರಲಿಲ್ಲ.

1969ರಲ್ಲಿ ಮಕ್ಕಳ ಕಾರ್ಯಕ್ರಮದ ಫ್ರೆಡ್ ರೋಜರ್ಸ್ ಸೆನೆಟ್ ಉಪಸಮಿತಿಯೆದುರು ಮೆಲುದನಿಯಲ್ಲಿ ಮಾತನಾಡಿ, ಅದರ ಅಧ್ಯಕ್ಷ ಪಾಸ್ಟೋರ್ ಅವರ ಮನಸ್ಸನ್ನು ಗೆದ್ದರು. ಆದರೆ 1972ರಲ್ಲಿ ಅಧ್ಯಕ್ಷ ನಿಕ್ಸನ್ ಅನುದಾನದ ಮಸೂದೆಯನ್ನೇ ತಡೆದರು. ಒಲ್ಲದವನ ತೆರಿಗೆಯಿಂದ ಒಂದು ಪಕ್ಷದ ದನಿಯನ್ನು ಸಾಕಬೇಕೆ ಎಂಬುದು ವಿರೋಧಿಗಳ ವಾದ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕೊನೆಗೆ 2025ರಲ್ಲಿ, ಮುಂದಿನ ಎರಡು ಹಣಕಾಸು ವರ್ಷಗಳಿಗೆಂದು ಆಗಲೇ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರುಗಳನ್ನು ಕಾಂಗ್ರೆಸ್ಸು ಹಿಂದೆಗೆದುಕೊಂಡಿತು.

ಕೇಳುಗರೆ, ಕೊಟ್ಟ ಕೈಯೇ ಕಿತ್ತುಕೊಳ್ಳಲೂಬಲ್ಲದಾದರೆ, ಪಡೆದ ಬಾಯಿ ಎಷ್ಟು ನಿರ್ಭಯವಾಗಿ ನುಡಿದೀತು? ನಮ್ಮ ಶಾಸನಗಳನ್ನು ಬರೆಸಿದವರಿಗೆ ಈ ಅಳುಕು ತಿಳಿದಿತ್ತೆಂದು ನನಗೆ ತೋರುತ್ತದೆ.