ಸೀಟ್ ಬೆಲ್ಟಿನ ಬೇರು ಎಲ್ಲಿದೆ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಕಲ್ಲಿನ ದೇವಾಲಯಗಳ ಊರು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋಗಿದ್ದೆ. ಬಾಡಿಗೆಗೆ ಹಿಡಿದ ಹಳೆಯ ಜೀಪಿನ ಮುಂದಿನ ಆಸನಗಳಲ್ಲಿ ಹೊಚ್ಚ ಹೊಸ ಬೆಲ್ಟುಗಳಿದ್ದವು. "ಬೆಲ್ಟ ಹಾಕಿಸೀನ್ರಿ ಸರ, ಇನ್ನ ದಂಡದ ಕಾಟ ಇಲ್ಲ" ಎಂದು ಚಾಲಕರು ಹೆಮ್ಮೆಯಿಂದ ಹೇಳಿದರು. ನಾನು ಬಗ್ಗಿ ನೋಡಿದೆ. ಬೆಲ್ಟಿನ ಕೆಳತುದಿಯನ್ನು ತುಕ್ಕು ಹಿಡಿದ ನೆಲದ ತಗಡಿಗೆ ಒಂದೇ ಒಂದು ಬೋಲ್ಟು ಹಾಕಿ ಬಿಗಿದಿದ್ದರು. ಕೆಳಗೆ ವಾಷರ್ ಕೂಡ ಇರಲಿಲ್ಲ. ಕೈಯಿಂದ ಎಳೆದರೆ ತಗಡು ಮೇಲಕ್ಕೆ ಉಬ್ಬುತ್ತಿತ್ತು.

ಅಂದು ದೇವಾಲಯದಲ್ಲಿ ವಿದ್ಯಾರ್ಥಿಗಳಿಗೆ ಹೇಳಬೇಕೆಂದುಕೊಂಡಿದ್ದ ಪಾಠಕ್ಕೂ ಈ ಬೋಲ್ಟಿಗೂ ಹತ್ತಿರದ ನಂಟಿತ್ತು. ಛಾವಣಿಯ ಕಲ್ಲಿನ ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ ಇಳಿಯುತ್ತದೆ. ಈ ದಾರಿಯಲ್ಲಿ ಒಂದು ಕಡೆ ದುರ್ಬಲವಾದರೂ ಉಳಿದೆಲ್ಲ ಗಟ್ಟಿಯಾಗಿದ್ದು ಪ್ರಯೋಜನವಿಲ್ಲ. ಸೀಟ್ ಬೆಲ್ಟಿನ ಚರಿತ್ರೆಯೂ ಬಲವು ಸಾಗುವ ಇಂಥ ದಾರಿಯೊಂದನ್ನು ಹುಡುಕಿದ ಚರಿತ್ರೆಯೇ. ಈ ಮಾತು ಹಳ್ಳಿಯ ಜೀಪಿಗೆ ಹೇಗೋ, ವಿದೇಶದಿಂದ ತರಿಸಿದ ದುಬಾರಿ ಪ್ರತಿಕೃತಿ ಸ್ಪೋರ್ಟ್ಸ್ ಕಾರಿಗೂ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಸ್ವಲ್ಪ ಲೆಕ್ಕ

ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಈ ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಡಿಕ್ಕಿ ಹೊಡೆದರೆ ಕಾರು ನಿಲ್ಲುತ್ತದೆ; ಜಡತ್ವದಿಂದಾಗಿ ಒಳಗಿರುವವರು ಅದೇ ವೇಗದಲ್ಲಿ ಮುಂದುವರಿಯುತ್ತಾರೆ. 60 ಕಿಲೋಗ್ರಾಂ ತೂಕದ ವ್ಯಕ್ತಿಯ ಚಲನಶಕ್ತಿ ಸುಮಾರು 5,800 ಜೂಲ್. ಇದು ಹತ್ತಿರಹತ್ತಿರ 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಅಂತಸ್ತಿನ ಮಾಳಿಗೆಯಿಂದ ಬಿದ್ದದ್ದಕ್ಕೆ ಸಮ.

ಕಾರಿನ ಮೂತಿ ನುಜ್ಜುಗುಜ್ಜಾಗುವ ದೂರವೂ ಬೆಲ್ಟು ಹಿಗ್ಗುವ ದೂರವೂ ಸೇರಿ ವ್ಯಕ್ತಿ ಅರ್ಧ ಮೀಟರಿನಲ್ಲಿ ನಿಂತನೆನ್ನೋಣ. ಆಗ ಸರಾಸರಿ ಬಲ 11,600 ನ್ಯೂಟನ್. ಅಂದರೆ ಗುರುತ್ವ ವೇಗೋತ್ಕರ್ಷದ ಸುಮಾರು 20 ಪಟ್ಟು. ಬೆಲ್ಟಿಲ್ಲದೆ ಎದೆಯೋ ತಲೆಯೋ ಡ್ಯಾಶ್‌ಬೋರ್ಡಿಗೆ ಬಡಿದು 5 ಸೆಂಟಿಮೀಟರಿನಲ್ಲಿ ನಿಂತರೆ ಈ ಬಲ ಹತ್ತು ಪಟ್ಟಾಗುತ್ತದೆ. ಬೆಲ್ಟಿನ ಕೆಲಸ ಎರಡು: ನಿಲ್ಲುವ ದೂರವನ್ನು ಹೆಚ್ಚಿಸುವುದು, ಬಲವನ್ನು ಸೊಂಟದ ಎಲುಬು, ಭುಜ, ಪಕ್ಕೆಲುಬುಗಳಂಥ ಗಟ್ಟಿ ಭಾಗಗಳ ಮೇಲೆ ಹರಡುವುದು. ಆದರೆ ಬೆಲ್ಟು ದೇಹವನ್ನು ತಡೆದಷ್ಟೇ ಬಲದಿಂದ ದೇಹವೂ ಬೆಲ್ಟನ್ನು ಎಳೆಯುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಒಂದು ಟನ್ನಿಗೂ ಮಿಕ್ಕ ಈ ಎಳೆತ ಕೊನೆಗೆ ಮುಟ್ಟುವುದು ಆ ಬೋಲ್ಟನ್ನು.

ವಿಮಾನದಿಂದ ಕಾರಿಗೆ

ಬೆಲ್ಟಿನ ಆರಂಭದ ಅನುಭವ ಬಂದದ್ದು ವಿಮಾನಗಳಿಂದ. 1910ರಲ್ಲಿ ಅಮೆರಿಕದ ಸೈನ್ಯದ ವಿಮಾನಚಾಲಕ ಬೆಂಜಮಿನ್ ಫುಲೋಯ್ ಕುದುರೆಯ ಜೀನು ಹೊಲಿಯುವವರಿಂದ ಚರ್ಮದ ಪಟ್ಟಿ ಮಾಡಿಸಿಕೊಂಡು ಆಸನಕ್ಕೆ ತನ್ನನ್ನು ಕಟ್ಟಿಕೊಂಡರು. ಆಗ ಉದ್ದೇಶ ಹೊರಗೆ ಎಸೆಯಲ್ಪಡದಿರುವುದಷ್ಟೇ. ಹ್ಯೂ ಡಿ ಹೇವನ್ ಎಂಬ ಮತ್ತೊಬ್ಬರು ಮೊದಲ ಮಹಾಯುದ್ಧದ ಕಾಲದ ತರಬೇತಿಯಲ್ಲಿ ವಿಮಾನ ಅಪಘಾತದಿಂದ ಪಾರಾದರು. ಆದರೆ ಬೆಲ್ಟಿನ ಚೂಪಾದ ಬಕಲ್ಲೇ ಅವರ ಹೊಟ್ಟೆಯೊಳಗಿನ ಅಂಗಗಳಿಗೆ ಗಾಯ ಮಾಡಿತ್ತು. ಎತ್ತರದಿಂದ ಬಿದ್ದೂ ಬದುಕಿದವರನ್ನು ಅಭ್ಯಸಿಸಿ 1942ರಲ್ಲಿ ಅವರು ಪ್ರಕಟಿಸಿದ ಲೇಖನ, ಬಲವನ್ನು ದೂರದ ಮೇಲೂ ವಿಸ್ತೀರ್ಣದ ಮೇಲೂ ಹಂಚಿದರೆ ದೇಹ ಅಚ್ಚರಿಪಡುವಷ್ಟು ತಾಳಿಕೊಳ್ಳುತ್ತದೆ ಎಂಬುದನ್ನು ತೋರಿಸಿತು.

ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿದವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ರಾಕೆಟ್ ಬಂಡಿಯಲ್ಲಿ ಗಂಟೆಗೆ ಸುಮಾರು 1,017 ಕಿಲೋಮೀಟರ್ ವೇಗ ತಲುಪಿ 1.4 ಸೆಕೆಂಡಿನಲ್ಲಿ ನಿಂತರು. ಗುರುತ್ವದ 46 ಪಟ್ಟಿಗೂ ಹೆಚ್ಚು ವೇಗಕುಂಠನವನ್ನು ತಾಳಿ ಬದುಕಿದರು. ಮುಂದೆ ಕಾರುಗಳ ಬೆಲ್ಟಿಗಾಗಿ ಅವರು ಬಹಳ ಶ್ರಮಿಸಿದರು. ನಮ್ಮ ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ವೇಗೋತ್ಕರ್ಷಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬ ಅಧ್ಯಯನ ನಡೆಯುತ್ತದೆ.

ಕಾರುಗಳಲ್ಲಿ ಮೊದಲು ಬಂದದ್ದು ಸೊಂಟದ ಪಟ್ಟಿ ಮಾತ್ರ. ಅಮೆರಿಕದ ನ್ಯಾಶ್ ಕಂಪನಿ 1949ರಲ್ಲಿಯೇ ಅದನ್ನು ಒದಗಿಸಿತ್ತು. ಆದರೆ ಸೊಂಟ ನಿಂತರೂ ಮುಂಡ ಕೀಲುಗೊಂಬೆಯಂತೆ ಮುಂದಕ್ಕೆ ಮಡಚಿ ತಲೆ ಬಡಿಯುತ್ತಿತ್ತು.

ಬೋಲಿನ್‌ರ ಮೂರು ಬಿಂದುಗಳು

ಸ್ವೀಡನ್ನಿನ ನಿಲ್ಸ್ ಬೋಲಿನ್ ಮೊದಲು ಸಾಬ್ ಕಂಪನಿಯಲ್ಲಿ ವಿಮಾನಚಾಲಕರನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್. ವೋಲ್ವೊ ಸೇರಿದ ಮೇಲೆ ಅವರು ರೂಪಿಸಿದ ಮೂರು ಬಿಂದುಗಳ ಬೆಲ್ಟು 1959ರಲ್ಲಿ ಮಾರಾಟದ ಕಾರುಗಳಿಗೆ ಬಂತು. ಒಂದೇ ಪಟ್ಟಿ ಎದೆಯನ್ನು ಓರೆಯಾಗಿಯೂ ಸೊಂಟವನ್ನು ಅಡ್ಡಲಾಗಿಯೂ ಹಿಡಿಯುತ್ತದೆ. ಒಂದೇ ಕೈಯಿಂದ ಹಾಕಿಕೊಳ್ಳಬಹುದು. ಎದೆಯ ಪಟ್ಟಿ, ಸೊಂಟದ ಪಟ್ಟಿ ಎರಡೂ ಆಸನದ ಪಕ್ಕದಲ್ಲಿ, ಕೆಳಗೆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಹಾಗಾಗಿ ಬಕಲ್ಲು ಹೊಟ್ಟೆಯ ಮೇಲೆ ಬರುವುದಿಲ್ಲ. ಡಿ ಹೇವನ್‌ರ ಗಾಯ ಕಲಿಸಿದ ಪಾಠ ಇಲ್ಲಿ ಕಾಣುತ್ತದೆ.

ಗಮನಿಸಿ, ಬೋಲಿನ್‌ರ ಹೊಸತನ ಬಟ್ಟೆಯಲ್ಲಿ ಇರಲಿಲ್ಲ. ಮೂರು ಬಿಂದುಗಳನ್ನು ಎಲ್ಲಿ ಇಡಬೇಕೆಂಬ ಜ್ಯಾಮಿತಿಯಲ್ಲಿತ್ತು. ವೋಲ್ವೊ ಈ ಪೇಟೆಂಟನ್ನು ಇತರ ತಯಾರಕರೂ ಬಳಸಲು ಮುಕ್ತವಾಗಿ ಬಿಟ್ಟಿತು. 1968ರಿಂದ ಅಮೆರಿಕದಲ್ಲಿ ಹೊಸ ಕಾರುಗಳಿಗೆ ಬೆಲ್ಟು ಕಡ್ಡಾಯವಾಯಿತು. ಬೆಲ್ಟು ಇದ್ದರೆ ಸಾಲದು, ಧರಿಸಲೇಬೇಕು ಎಂದು 1970ರ ಡಿಸೆಂಬರಿನಲ್ಲಿ ಕಾನೂನು ತಂದದ್ದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ.

ಹಳೆಯ ರೂಪ, ಹೊಸ ಕಾನೂನು

ಈಗ ಸ್ಪೋರ್ಟ್ಸ್ ಕಾರಿನ ವಿಷಯ. 1957ರ ಲೋಟಸ್ ಸೆವೆನ್, 1962ರ ಎ.ಸಿ. ಕೋಬ್ರಾ ಮುಂತಾದವು ಬೆಲ್ಟಿನ ಕಾನೂನಿಗಿಂತ ಮುಂಚಿನ ಕಾರುಗಳು. ಇವುಗಳ ಅಂದಕ್ಕೆ ಮನಸೋತವರಿಗಾಗಿ ಇಂದಿಗೂ ಹಲವು ದೇಶಗಳಲ್ಲಿ ಪ್ರತಿಕೃತಿಗಳು ತಯಾರಾಗುತ್ತವೆ. ಮಹಾರಾಷ್ಟ್ರದ ಚಿಂಕಾರಾ ಮೋಟರ್ಸ್ ಲೋಟಸ್ ಸೆವೆನ್ ಧಾಟಿಯ ರೋಡ್‌ಸ್ಟರ್ ತಯಾರಿಸಿತು. ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ 1998ರಲ್ಲಿ ಹೊರತಂದ 'ಸ್ಟಾರ್ಮ್' ಯಾವುದರ ಪ್ರತಿಕೃತಿಯೂ ಅಲ್ಲ. ಆದರೆ ಫೈಬರ್‌ಗ್ಲಾಸ್ ಮೈಯ, ಎರಡೇ ಆಸನದ, ತೆರೆದ ಸ್ಪೋರ್ಟ್ಸ್ ಕಾರು ಎಂಬ ಕಾರಣಕ್ಕೆ ಅದೇ ಕುಟುಂಬಕ್ಕೆ ಸೇರುತ್ತದೆ.

ಈ ಜಾತಿಯ ಕಾರುಗಳಿಗೆ ಬೆಲ್ಟು ಅಳವಡಿಸುವಾಗ ಮೂರು ಭೌತಶಾಸ್ತ್ರದ ಸಮಸ್ಯೆಗಳು ಎದುರಾಗುತ್ತವೆ.

ಒಂದು, ಬಾಗಿಲ ಹಿಂದಿನ ಕಂಬ ಇಲ್ಲದಿರುವುದು. ಸಾಮಾನ್ಯ ಕಾರಿನಲ್ಲಿ ಮೇಲಿನ ಬಿಂದು ಈ ಕಂಬದಲ್ಲಿ, ಭುಜದ ಮಟ್ಟಕ್ಕಿಂತ ಮೇಲಿರುತ್ತದೆ. ತೆರೆದ ಕಾರಿನಲ್ಲಿ ಕಂಬವಿಲ್ಲವೆಂದು ಪಟ್ಟಿಯನ್ನು ಭುಜದ ಮೇಲಿಂದ ಇಳಿಸಿ ಹಿಂದಿನ ನೆಲಕ್ಕೆ 45 ಡಿಗ್ರಿ ಓರೆಯಲ್ಲಿ ಬಿಗಿದರೆ ಏನಾಗುತ್ತದೆ? ಪಟ್ಟಿಯ ಎಳೆತ 6,000 ನ್ಯೂಟನ್ ಆದರೆ ಅದರ ಲಂಬ ಘಟಕ, ಸೈನ್ 45ರಿಂದ ಗುಣಿಸಿದಾಗ, ಸುಮಾರು 4,200 ನ್ಯೂಟನ್. ನಾಲ್ಕು ಕ್ವಿಂಟಲ್ ಮೂಟೆ ಹೊರಿಸಿದಂತೆ ಅದು ಬೆನ್ನುಮೂಳೆಯನ್ನು ಅಮುಕುತ್ತದೆ. ಕಾಪಾಡಬೇಕಾದ ಬೆಲ್ಟೇ ಗಾಯ ಮಾಡುತ್ತದೆ. ಆದ್ದರಿಂದ ಆಸನದ ಹಿಂದೆ ಚಾಸಿಗೆ ಬೆಸೆದ ಉಕ್ಕಿನ ಕಮಾನು ನಿಲ್ಲಿಸಿ, ಭುಜದ ಮಟ್ಟದಲ್ಲಿ ಆಧಾರ ಕೊಡಬೇಕಾಗುತ್ತದೆ.

ಎರಡು, ಮೈಯ ವಸ್ತು. ಫೈಬರ್‌ಗ್ಲಾಸಾಗಲಿ ತೆಳು ತಗಡಾಗಲಿ ಬೋಲ್ಟಿನ ತಲೆಯ ಸುತ್ತ ಹರಿದು ಕಿತ್ತುಬರುತ್ತದೆ. ಅದನ್ನು ತಡೆಯುವುದು ಹರಿಯಬೇಕಾದ ಅಂಚಿನ ಉದ್ದ. ಬೋಲ್ಟಿನ ತಲೆಯ ಸುತ್ತಳತೆ 60 ಮಿಲಿಮೀಟರಿಗಿಂತ ಕಡಿಮೆ. ಅದರ ಹಿಂದೆ 75 ಮಿಮೀ ಉದ್ದ, 50 ಮಿಮೀ ಅಗಲದ ದಪ್ಪ ಉಕ್ಕಿನ ಫಲಕವಿಟ್ಟರೆ ಅಂಚಿನ ಉದ್ದ 250 ಮಿಮೀ. ನಾಲ್ಕು ಪಟ್ಟಿಗೂ ಹೆಚ್ಚು. ಇದಕ್ಕಿಂತಲೂ ಉತ್ತಮವೆಂದರೆ ಮೈಯನ್ನು ನಂಬದೆ ಉಕ್ಕಿನ ಚಾಸಿಗೇ ಬಿಗಿಯುವುದು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 14ನೆಯ ನಿಯಮಾವಳಿ ಇದನ್ನು ಅಳತೆಯಲ್ಲಿ ಹೇಳುತ್ತದೆ: ಪ್ರಯಾಣಿಕರ ಕಾರಿನ ಮೂರು ಬಿಂದುಗಳ ಬೆಲ್ಟಿಗೆ ಎದೆಯ ಭಾಗವನ್ನೂ ಸೊಂಟದ ಭಾಗವನ್ನೂ ಏಕಕಾಲದಲ್ಲಿ ತಲಾ 13,500 ನ್ಯೂಟನ್ ಬಲದಿಂದ ಎಳೆದಾಗಲೂ ಆಧಾರಗಳು ಕಿತ್ತುಬರಬಾರದು. ಸೊಂಟದ ಪಟ್ಟಿಯ ಓರೆಯೂ ಸುಮಾರು 30ರಿಂದ 80 ಡಿಗ್ರಿಯೊಳಗೆ ಇರಬೇಕು. ಪಟ್ಟಿ ತೀರ ಮಲಗಿದಂತಿದ್ದರೆ ದೇಹ ಅದರಡಿಯಿಂದ ಮುಂದಕ್ಕೆ ಜಾರಿ, ಪಟ್ಟಿ ಎಲುಬನ್ನು ಬಿಟ್ಟು ಮೆತ್ತನೆಯ ಹೊಟ್ಟೆಗೆ ಏರುತ್ತದೆ.

ಮೂರು, ಸುರುಳಿಪೆಟ್ಟಿಗೆಯ ನಿಲುವು. ಪಟ್ಟಿಯನ್ನು ಸುತ್ತಿಕೊಳ್ಳುವ ಪೆಟ್ಟಿಗೆಯೊಳಗೆ ಪುಟ್ಟ ಗುಂಡು ಅಥವಾ ಲೋಲಕ ಇರುತ್ತದೆ. ಕಾರಿನ ವೇಗ ಥಟ್ಟನೆ ಇಳಿದಾಗ ಅದು ವಾಲಿ ಹಲ್ಲುಚಕ್ರಕ್ಕೆ ಅಡ್ಡಗಾಲು ಹಾಕುತ್ತದೆ. ವೇಗಕುಂಠನ ಗುರುತ್ವದ 0.45 ಪಟ್ಟಾದಾಗ ಅದು ಬಿಗಿಯಬೇಕೆಂದು 16ನೆಯ ನಿಯಮಾವಳಿ ಹೇಳುತ್ತದೆ. ಪೆಟ್ಟಿಗೆ ಸರಿಯಾದ ನಿಲುವಿನಿಂದ 12 ಡಿಗ್ರಿ ವಾಲುವವರೆಗೂ ಬಿಗಿಯಬಾರದು. 27 ಡಿಗ್ರಿ ಮೀರಿದರೆ ಬಿಗಿಯಬೇಕು. ಏಕೆಂದು ವಿದ್ಯಾರ್ಥಿಗಳು ಸುಲಭವಾಗಿ ಕಂಡುಕೊಳ್ಳಬಹುದು. ವಾಲಿದ ಕೋನದ ಟ್ಯಾನ್ ಬೆಲೆಯೇ ವೇಗಕುಂಠನಕ್ಕೂ ಗುರುತ್ವಕ್ಕೂ ಇರುವ ಅನುಪಾತ: ಟ್ಯಾನ್ 12 ಎಂದರೆ 0.21, ಟ್ಯಾನ್ 27 ಎಂದರೆ 0.51. ಇಕ್ಕಟ್ಟಾದ ಕಾರಿನಲ್ಲಿ ಜಾಗ ಸಾಲದೆಂದು ಪೆಟ್ಟಿಗೆಯನ್ನು ಮನಬಂದಂತೆ ಓರೆಯಾಗಿ ಕೂರಿಸಿದರೆ ಪಟ್ಟಿ ಹೊರಬರುವುದೇ ಇಲ್ಲ.

ಬ್ರಿಟನ್ನಿನಲ್ಲಿ ಇಂಥ ಬಿಡಿ ಕಾರುಗಳಿಗೆಂದೇ 1998ರಲ್ಲಿ ಪರಿಶೀಲನಾ ಪದ್ಧತಿ ಬಂತು. 2009ರಲ್ಲಿ ಅದು ಹೊಸ ರೂಪ ಪಡೆಯಿತು. ಅಲ್ಲಿ ಬೆಲ್ಟಿನ ಗುರುತುಚೀಟಿಯನ್ನಷ್ಟೇ ಅಲ್ಲ, ಆಧಾರ ಬಿಂದುಗಳ ಸ್ಥಾನವನ್ನೂ ನೋಡುತ್ತಾರೆ.

ನಮ್ಮ ನಾಡಿನ ಅನುಭವ

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಿಂದ 1994ರ ನಂತರದ ಕಾರುಗಳಿಗೆ ಮುಂದಿನ ಆಸನದ ಬೆಲ್ಟು ಕಡ್ಡಾಯವಾಯಿತು. ಮುಂದೆ ಹಿಂದಿನ ಆಸನಗಳಿಗೂ ಅದು ವಿಸ್ತರಿಸಿತು. 2019ರ ತಿದ್ದುಪಡಿ ಕಾಯಿದೆಯಲ್ಲಿ ಬೆಲ್ಟು ಧರಿಸದಿದ್ದರೆ 1,000 ರೂಪಾಯಿ ದಂಡ ಗೊತ್ತುಪಡಿಸಲಾಯಿತು. 2021ರಲ್ಲಿ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ಬಂತು. ಆದರೆ 1962ರ ಕಾರಿನ ರೂಪ ಹೊತ್ತ ಹೊಸ ಪ್ರತಿಕೃತಿಗೆ ಇದು ಅನ್ವಯಿಸುವುದಿಲ್ಲ. ರೂಪ ಹಳೆಯದಾದರೂ ವಯಸ್ಸು ಹೊಸತು. ಅದು ಹೊಸ ವಾಹನದ ನಿಯಮಗಳಿಗೇ ಉತ್ತರ ಹೇಳಬೇಕು.

ಬೆಂಗಳೂರಿನ ವಿದ್ಯುತ್ ಕಾರು ರೇವಾದ ಕಥೆಯನ್ನೂ ಇಲ್ಲಿ ನೆನೆಯಬೇಕು. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಮೈ ಹೊದಿಸಿದ್ದ ಈ ಪುಟ್ಟ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದು, 2004ರಿಂದ ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಿತು. ಅಲ್ಲಿ ಅದು ಕಾರಲ್ಲ, 'ಚತುಶ್ಚಕ್ರಿ' ಎಂಬ ಬೇರೆ ವರ್ಗ. ಕಾರುಗಳ ಡಿಕ್ಕಿ ಪರೀಕ್ಷೆ ಆ ವರ್ಗಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ ನಡೆಸಿದ ಡಿಕ್ಕಿ ಪರೀಕ್ಷೆ ಆತಂಕ ಹುಟ್ಟಿಸಿತು. ನಂತರದ ಮಾದರಿಗಳಲ್ಲಿ ಸುಧಾರಣೆಗಳು ಬಂದವು. ಬೆಲ್ಟಿನ ಆಧಾರ ನಿಂತಿರುವ ಚೌಕಟ್ಟು ತಾನೂ ನಿಲ್ಲಬೇಕು ಎಂಬುದು ಇಲ್ಲಿನ ಪಾಠ.

ಇದೆಲ್ಲ ಕೇವಲ ತಾಂತ್ರಿಕ ವಿವರವೇ? ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಬೆಲ್ಟು ಧರಿಸಿರಲಿಲ್ಲ. ಇವರಲ್ಲಿ ಅರ್ಧದಷ್ಟು, 8,331 ಮಂದಿ, ಚಾಲಕರಲ್ಲ, ಜೊತೆಗೆ ಕುಳಿತಿದ್ದವರು.

ಮತ್ತೆ ಶಿರವಾಳಕ್ಕೆ

ಅಂದು ದೇವಾಲಯದ ಮುಂದೆ ಮಣ್ಣಿನ ಮೇಲೆ ಕಡ್ಡಿಯಿಂದ ಎರಡು ಚಿತ್ರ ಬರೆದೆವು: ಛಾವಣಿಯಿಂದ ತಳಪಾಯಕ್ಕೆ ಇಳಿಯುವ ಭಾರ, ಎದೆಯಿಂದ ಪಟ್ಟಿಗೆ, ಪಟ್ಟಿಯಿಂದ ಬೋಲ್ಟಿಗೆ, ಬೋಲ್ಟಿನಿಂದ ಚಾಸಿಗೆ ಹೋಗುವ ಎಳೆತ. ಚಾಲಕರೂ ಬಂದು ಕುಕ್ಕರಗಾಲಲ್ಲಿ ಕುಳಿತು ನೋಡಿದರು. "ಹಂಗಾದ್ರ ನಂದು ಬೆಲ್ಟ ಗಟ್ಟಿ ಐತ್ರಿ, ತಗಡ ಹುಸಿ ಐತಿ" ಎಂದರು. ಒಂದು ವಾಕ್ಯದಲ್ಲಿ ಇಡೀ ಪಾಠ ಮುಗಿಯಿತು. ಸಂಜೆ ಮರಳುವಾಗ ಜೀಪು ನಿಧಾನವಾಗಿಯೇ ಬಂತು.

ಶಿಕ್ಷಕರು ತರಗತಿಯಲ್ಲಿ ಮಾಡಿಸಬಹುದಾದ ಒಂದು ಚಟುವಟಿಕೆ: ಬಸ್ಸಿನಲ್ಲಿ ಕುಳಿತು ಒಂದು ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ನಟ್ಟು ತೂಗುಬಿಡಿ. ಚಾಲಕರು ಬ್ರೇಕ್ ಹಾಕಿದಾಗ ದಾರ ಎಷ್ಟು ಡಿಗ್ರಿ ವಾಲಿತೆಂದು ಓದಿ. ಆ ಕೋನದ ಟ್ಯಾನ್ ಬೆಲೆಯನ್ನು 9.8ರಿಂದ ಗುಣಿಸಿದರೆ ಬಸ್ಸಿನ ವೇಗಕುಂಠನ ಸಿಗುತ್ತದೆ. ಸುರುಳಿಪೆಟ್ಟಿಗೆಯ ಲೋಲಕ ಮಾಡುವ ಲೆಕ್ಕವೂ ಇದೇ. ಮುಂದಿನ ಬಾರಿ ಯಾವುದೇ ವಾಹನ ಹತ್ತಿದಾಗ ಬೆಲ್ಟು ಹಾಕಿಕೊಳ್ಳಿ. ಹಾಕಿಕೊಳ್ಳುವ ಮುನ್ನ ಅದರ ಬೇರು ಎಲ್ಲಿದೆ ಎಂದು ಒಮ್ಮೆ ಬಗ್ಗಿ ನೋಡಿ.