ಬೇಟೆಯ ಅಂಬಿನ ತೂಕವೂ ಸಮತೋಲವೂ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಕೋಟೆಕೊತ್ತಲಗಳನ್ನೂ ಕತ್ತಿಕಠಾರಿಗಳನ್ನೂ ಕುರಿತು ಬೇಕಾದಷ್ಟು ಬರೆದಿದ್ದಾರೆ. ಅಂಬನ್ನು ಕುರಿತು ಬರೆದವರು ವಿರಳ. ಕಾರಣವು ಸ್ಪಷ್ಟವಾಗಿಯೇ ಇದೆ. ಕತ್ತಿಯು ತುಕ್ಕು ಹಿಡಿದಾದರೂ ಉಳಿಯುತ್ತದೆ. ಅಂಬಿನ ಕೋಲು ಬಿದಿರಿನದು, ಗರಿ ಹಕ್ಕಿಯದು, ಎರಡೂ ಮಳೆಗೂ ಗೆದ್ದಲಿಗೂ ತುತ್ತಾಗುವಂಥವು. ಆದಕಾರಣ ಹಿಂದಿನ ಬೇಟೆಗಾರನು ತನ್ನ ಅಂಬನ್ನು ಹೇಗೆ ಆರಿಸಿಕೊಳ್ಳುತ್ತಿದ್ದನು, ಅದರ ತೂಕವೆಷ್ಟು, ಭಾರವು ಮೊನೆಯ ಕಡೆಗಿರಬೇಕೋ ಹೆದೆಯ ಕಡೆಗಿರಬೇಕೋ ಎಂಬ ವಿಚಾರಗಳನ್ನು ಶಾಸ್ತ್ರ, ಕಾವ್ಯ, ಶಿಲ್ಪ ಈ ಮೂರರಿಂದ ಊಹಿಸಿ ತಿಳಿಯಬೇಕಾಗಿದೆ. ಆ ಪ್ರಯತ್ನವನ್ನು ಇಲ್ಲಿ ಯಥಾಮತಿಯಾಗಿ ಮಾಡಿದೆ.

ಮಾಗಡಿ ಸೀಮೆಯು ಒಂದು ಕಾಲಕ್ಕೆ ದಟ್ಟವಾದ ಕಾಡು. ಕ್ರಿ. ಶ. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಸಾವನದುರ್ಗವನ್ನು ಮುತ್ತಿದಾಗ ಬೆಟ್ಟಕ್ಕಿಂತ ಮೊದಲು ಅದರ ಸುತ್ತಣ ಬಿದಿರುಮೆಳೆಗಳೇ ಅವರಿಗೆ ಅಡ್ಡವಾದುವೆಂದು ಪ್ರಸಿದ್ಧವಾಗಿದೆ. ಬಿದಿರಿದ್ದಲ್ಲಿ ಬಿಲ್ಲೂ ಅಂಬೂ ಇದ್ದೇ ಇರುತ್ತವೆ. ನಮ್ಮ ತಿಪ್ಪಸಂದ್ರದ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ, ಎಂದರೆ ಕೆರೆ. ಕಾಡೂ ಕೆರೆಯೂ ಕೂಡಿದ ಕಡೆಗೆ ಮೃಗಗಳು ನೀರಿಗೆ ಬರುವುದು ಸಹಜ, ಬೇಡನು ಅಲ್ಲಿ ಹೊಂಚು ಹಾಕುವುದೂ ಸಹಜ. ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಕ ೮೭೨ರ (ಕ್ರಿ. ಶ. ೯೪೯–೫೦) ಶಾಸನವು ಕಾಳಿ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಗಂಗ ಬೂತುಗನಿಂದ ಮಣಲೇರನು ಅದನ್ನು ಬೇಡಿ ಪಡೆದನು. ಹಿರಿಯ ಹಂದಿಯ ಮೇಲೆ ಬಿಟ್ಟನು. ನಾಯಿಯೂ ಹಂದಿಯೂ ಕಾದಿ ಸತ್ತುವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಕಾಡುಹಂದಿಯ ಬೇಟೆಯು ಎಂಥ ಗಂಡಾಂತರದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹಂದಿಯ ಭುಜದ ಮೇಲಣ ದಪ್ಪ ತೊಗಲಿಗೆ ಹಗುರವಾದ ಅಂಬನ್ನು ಹೊಡೆದವನು ಅದನ್ನು ಕೆರಳಿಸುವನೇ ಹೊರತು ಕೊಲ್ಲಲಾರನು. ಅಂಬಿನ ತೂಕದ ಪ್ರಶ್ನೆಯು ವಿನೋದದ್ದಲ್ಲ, ಪ್ರಾಣದ್ದು.

ಪಾಠಶಾಲೆಯಲ್ಲಿ ಅಮರವನ್ನು ಬಾಯಿಪಾಠ ಮಾಡಿದವರಿಗೆಲ್ಲ ಬಾಣದ ಹನ್ನೆರಡು ಹೆಸರುಗಳು ಬರುತ್ತವೆ. ಆದರೆ ಹೆಸರುಗಳ ಒಳಗೆ ಅಡಗಿರುವ ಅರ್ಥವನ್ನು ನಾವು ಅಷ್ಟಾಗಿ ನೋಡುವುದಿಲ್ಲ. ‘ಅಜಿಹ್ಮಗ’ವೆಂದರೆ ಸೊಟ್ಟಗೆ ಹೋಗದ್ದು, ‘ಆಶುಗ’ವೆಂದರೆ ಬೇಗ ಹೋಗುವುದು, ‘ಪತ್ರಿ’ಯೆಂದರೆ ಗರಿಯುಳ್ಳದ್ದು. ಒಳ್ಳೆಯ ಅಂಬಿನ ಮೂರು ಗುಣಗಳೂ ಇಲ್ಲಿ ಬಂದುವು: ನೇರ, ವೇಗ, ಗರಿ. ತೂಕವನ್ನು ಹೇಳುವ ಹೆಸರು ಈ ಮೂರರಲ್ಲಿಲ್ಲ. ಅದಕ್ಕೆ ಧನುರ್ವೇದವನ್ನೇ ನೋಡಬೇಕು. ಕನ್ನಡದಲ್ಲಾದರೋ ಅಂಬು, ಕಣೆ, ಸರಳು, ಕೋಲು ಎಂಬ ನಾಲ್ಕು ಮಾತುಗಳು ಹಳೆಯ ಕಾವ್ಯಗಳಲ್ಲಿ ತುಂಬಿವೆ. ಅವುಗಳೊಳಗಣ ಭೇದವನ್ನು ಇಂದು ಯಾರೂ ಎಣಿಸುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಆಯುಧಾಗಾರದ ಅಧ್ಯಕ್ಷನನ್ನು ಕುರಿತ ಅಧ್ಯಾಯದಲ್ಲಿ ಬಿದಿರು, ಜೊಂಡು ಮುಂತಾದುವುಗಳ ಬಾಣಗಳೂ ಪೂರ್ತಿ ಕಬ್ಬಿಣದ ನಾರಾಚವೂ ಹೇಳಲ್ಪಟ್ಟಿವೆ. ಮೊನೆಗಳು ಕಬ್ಬಿಣ, ಎಲುಬು, ಮರ ಎಂದು ಮೂರು ಬಗೆ. ಕೆಲಸವೂ ಕತ್ತರಿಸುವುದು, ಸೀಳುವುದು, ಬಡಿಯುವುದು ಎಂದು ಮೂರು ಬಗೆ. ಈ ‘ಬಡಿಯುವ’ ಮೊನೆಯು ಗಮನಿಸತಕ್ಕದ್ದು. ಮರದ ಮೊಂಡು ಮೊನೆಯಿಂದ ಹಕ್ಕಿಯನ್ನೂ ಮೊಲವನ್ನೂ ತೊಗಲು ಹರಿಯದಂತೆ ಬಡಿದು ಕೆಡಹಬಹುದು. ಯುದ್ಧದಲ್ಲಿ ಇದರಿಂದ ಪ್ರಯೋಜನವು ಅಲ್ಪ. ಇದು ಬೇಟೆಗಾರನಿಂದ ಶಸ್ತ್ರಾಗಾರಕ್ಕೆ ಬಂದದ್ದೆಂದೇ ನನ್ನ ಮತ.

ಕೋಲನ್ನು ಆರಿಸುವ ಕ್ರಮವು ವಾಸಿಷ್ಠ ಧನುರ್ವೇದದಲ್ಲಿಯೂ, ೧೩೬೩ರಲ್ಲಿ ಸಂಕಲಿತವಾದ ಶಾರ್ಙ್ಗಧರ ಪದ್ಧತಿಯಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿದೆ. ಅತಿ ದಪ್ಪವೂ ಅತಿ ತೆಳುವೂ ಆಗಬಾರದು. ಕೆಟ್ಟ ನೆಲದಲ್ಲಿ ಬೆಳೆದುದೂ ಗಿಣ್ಣು ಹೀನವಾದುದೂ ಸೀಳಿದುದೂ ಬೇಡ. ಗಿಣ್ಣು ತುಂಬಿ, ಚೆನ್ನಾಗಿ ಬಲಿತು, ಬಿಳಿಚಿಕೊಂಡದ್ದನ್ನು ತಕ್ಕ ಕಾಲದಲ್ಲಿ ತರಬೇಕು. ಉದ್ದವು ಎರಡು ಮೊಳದಲ್ಲಿ ಒಂದು ಹಿಡಿ ಕಡಮೆ, ದಪ್ಪವು ಕಿರುಬೆರಳಿನಷ್ಟು. ಮೊಳಕ್ಕೆ ಹದಿನೆಂಟು ಇಂಚು ಹಿಡಿದರೆ ಉದ್ದವು ೩೦ ಇಂಚಿನ ಆಸುಪಾಸಿಗೆ ಬರುತ್ತದೆ. ಅಳತೆಗೋಲು ಬೇಕಿಲ್ಲ, ಬಿಲ್ಲುಗಾರನ ಮೈಯೇ ಅಳತೆ. ತೋಳು ಉದ್ದವಿದ್ದವನಿಗೆ ಅಂಬೂ ಉದ್ದ. ಇಂದಿನ ಬಿಲ್ಲುಗಾರರೂ ಅಂಬಿನ ಉದ್ದವನ್ನು ಎಳೆವ ತೋಳಿಗೆ ತಕ್ಕಂತೆಯೇ ಕತ್ತರಿಸಿಕೊಳ್ಳುತ್ತಾರೆ.

‘ಅತಿ ದಪ್ಪವೂ ಅತಿ ತೆಳುವೂ ಬೇಡ’ವೆಂಬ ವಾಕ್ಯವು ಸಾಮಾನ್ಯ ಹಿತೋಕ್ತಿಯಂತೆ ತೋರಬಹುದು, ಹಾಗಲ್ಲ. ೧೯೩೦ರ ದಶಕದಲ್ಲಿ ಅಮೇರಿಕದಲ್ಲಿ ಅತಿವೇಗದ ಛಾಯಾಚಿತ್ರಗಳನ್ನು ತೆಗೆದು ನೋಡಿದಾಗ, ಹೆದೆಯು ನೂಕಿದೊಡನೆ ಅಂಬು ಹಾವಿನಂತೆ ಬಳುಕಿ ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಹೋಗಿ ಆಮೇಲೆ ನೆಟ್ಟಗಾಗುವುದೆಂದು ಕಂಡುಬಂದಿತು. ಕೋಲು ಬಿಲ್ಲಿಗೆ ಮೀರಿ ಬಿರುಸಾದರೆ ಒಂದು ಪಕ್ಕಕ್ಕೆ ಹೋಗುತ್ತದೆ, ಮೆದುವಾದರೆ ಮತ್ತೊಂದು ಪಕ್ಕಕ್ಕೆ. ಮೊನೆಯ ತೂಕವನ್ನು ಹೆಚ್ಚಿಸಿದಷ್ಟೂ ಬಳುಕು ಹೆಚ್ಚುತ್ತದೆ. ಆದ್ದರಿಂದ ಮೊನೆ, ಕೋಲು, ಬಿಲ್ಲು ಮೂರನ್ನೂ ಕೂಡಿಸಿಯೇ ಆರಿಸಬೇಕು.

ಇನ್ನು ಗರಿಯ ವಿಷಯ. ಕಾಗೆ, ಹಂಸ, ಕ್ರೌಂಚ, ನವಿಲು, ಹದ್ದು, ಮೀನು ತಿನ್ನುವ ಹಕ್ಕಿ ಮುಂತಾದುವುಗಳ ಗರಿಗಳು ಪ್ರಶಸ್ತವೆಂದೂ, ಒಂದೊಂದು ಬಾಣಕ್ಕೆ ಆರಾರು ಅಂಗುಲದ ನಾಲ್ಕು ಗರಿಗಳೆಂದೂ ಹೇಳಿದೆ. ರಘುವಂಶದ ಎರಡನೆಯ ಸರ್ಗವನ್ನು ಓದಿದವರಿಗೆ ದಿಲೀಪನ ಅವಸ್ಥೆ ನೆನಪಿರಬೇಕು. ಸಿಂಹವನ್ನು ಕೊಲ್ಲಲೆಂದು ಬತ್ತಳಿಕೆಗೆ ಕೈಹಾಕಿದ ಅರಸನ ಬೆರಳುಗಳು ಅಂಬಿನ ಹಿಳುಕಿಗೇ ಅಂಟಿಕೊಂಡು, ಆತನು ಚಿತ್ರದ ಬೊಂಬೆಯಂತೆ ನಿಂತುಬಿಡುತ್ತಾನೆ. ಆ ಹಿಳುಕಿನಲ್ಲಿದ್ದುದು ಕಂಕಪತ್ರ, ಎಂದರೆ ಕಂಕಪಕ್ಷಿಯ ಗರಿ. ಕಾಳಿದಾಸನು ಸಿಂಹದ ಎದುರಿನಲ್ಲಿಯೂ ಗರಿಯ ಜಾತಿಯನ್ನು ಹೇಳುವುದನ್ನು ಮರೆಯಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಧನುರ್ವೇದವು ಬಾಣಗಳನ್ನು ಸ್ತ್ರೀ, ಪುರುಷ, ನಪುಂಸಕ ಎಂದು ಮೂರಾಗಿ ವಿಭಾಗಿಸುತ್ತದೆ. ಮುಂದೆ ದಪ್ಪನಾದುದು ಸ್ತ್ರೀ. ಹಿಂದೆ ದಪ್ಪನಾದುದು ಪುರುಷ. ಉದ್ದಕ್ಕೂ ಸಮನಾದುದು ನಪುಂಸಕ. ಮೊದಲನೆಯದು ದೂರ ಹೋಗುತ್ತದೆ, ಎರಡನೆಯದು ಗಟ್ಟಿಯಾದುದನ್ನು ಭೇದಿಸುತ್ತದೆ, ಮೂರನೆಯದು ಗುರಿಯ ಅಭ್ಯಾಸಕ್ಕೆ ಒಳ್ಳೆಯದು. ಇದನ್ನು ಓದಿ ನಗುವವರುಂಟು. ಮತ್ತೊಂದು ಕಡೆ, ಇದರಲ್ಲಿ ಇಂದಿನ ಪದಾರ್ಥವಿಜ್ಞಾನವೆಲ್ಲ ಅಡಗಿದೆಯೆಂದು ಸಾರುವವರೂ ಉಂಟು. ಎರಡು ಪಕ್ಷದವರೂ ಒಂದು ಬಿದಿರುಕೋಲನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಒಳ್ಳೆಯದಾಗುತ್ತಿತ್ತು.

ಬಿದಿರಾಗಲಿ ಜೊಂಡಾಗಲಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಅದನ್ನು ಕಡಿದು ತಂದವನಿಗೆ ಮೊದಲು ಏಳುವ ಪ್ರಶ್ನೆಯೇ, ಮೊನೆಯನ್ನು ಬುಡಕ್ಕೆ ಸೇರಿಸಲೋ ತುದಿಗೆ ಸೇರಿಸಲೋ ಎಂಬುದು. ಬುಡಕ್ಕೆ ಸೇರಿಸಿದರೆ ಸ್ತ್ರೀಬಾಣ, ತುದಿಗೆ ಸೇರಿಸಿದರೆ ಪುರುಷಬಾಣ, ಎರಡೂ ಕಡೆ ಕೆತ್ತಿ ಸಮ ಮಾಡಿದರೆ ಮೂರನೆಯದು. ಹೀಗೆ ಈ ವಿಭಾಗವು ಪಂಡಿತನ ಕಲ್ಪನೆಯಲ್ಲ, ಬಿದಿರಿನ ಸ್ವಭಾವದಿಂದಲೇ ಹುಟ್ಟಿದ್ದು. ಸ್ತ್ರೀಪುರುಷರೆಂಬ ಹೆಸರುಗಳು ಶಿಷ್ಯರ ನೆನಪಿಗೆ ಒದಗಲೆಂದು ಇಟ್ಟುವು.

ಫಲದಲ್ಲಿ ಸತ್ಯವೆಷ್ಟು? ಅಂಬನ್ನು ಬೆರಳ ಮೇಲೆ ಅಡ್ಡಲಾಗಿಟ್ಟು ತೂಗಿದರೆ ಅದು ನಿಲ್ಲುವ ಸ್ಥಳವೇ ಅದರ ಭಾರದ ಕೇಂದ್ರ. ಅದು ಕೋಲಿನ ನಡುಮಧ್ಯಕ್ಕಿಂತ ಮೊನೆಯ ಕಡೆಗಿದ್ದು, ಗರಿಗಳು ಗಾಳಿಯ ತಡೆಯನ್ನು ಹಿಂದಕ್ಕೆ ಸೆಳೆದರೆ ಅಂಬು ತಿರುಗಾಡದೆ ನೇರವಾಗಿ ಹೋಗುತ್ತದೆ. ೩೦ ಇಂಚಿನ ಅಂಬು ಹಿಳುಕಿನಿಂದ ೧೮ ಇಂಚಿನಲ್ಲಿ ತೂಗಿ ನಿಂತರೆ, ಕೇಂದ್ರವು ಮಧ್ಯಕ್ಕಿಂತ ೩ ಇಂಚು ಮುಂದೆ, ಅಂದರೆ ಉದ್ದದ ಹತ್ತರಲ್ಲೊಂದು ಪಾಲು. ಇಂದಿನ ಬೇಟೆಬಿಲ್ಲುಗಾರರು ವಿದೇಶಗಳಲ್ಲಿ ಸಾಮಾನ್ಯವಾಗಿ ಹೇಳುವುದು ನೂರಕ್ಕೆ ೧೦ರಿಂದ ೧೫. ಬುಡವನ್ನು ಮುಂದಿಟ್ಟ ಅಂಬಿಗೆ ಈ ಮುಂಭಾರವು ತಾನಾಗಿ ಬರುತ್ತದೆ. ದೂರದಲ್ಲಿಯೂ ದಿಕ್ಕು ತಪ್ಪುವುದಿಲ್ಲ. ಆದುದರಿಂದ ಸ್ತ್ರೀಬಾಣದ ಮಾತು ನಿಲ್ಲುತ್ತದೆ. ಪುರುಷಬಾಣದ ವಿಚಾರವು ಸ್ವಲ್ಪ ಕಷ್ಟ. ಹಿಂಭಾರದ ಕೋಲು ಹಾರುವಾಗ ಅಷ್ಟು ಸ್ಥಿರವಲ್ಲ. ಆದರೆ ಮುಂದೆ ಸಣ್ಣಗಿರುವ ಕೋಲು ಮೊನೆಯು ಮಾಡಿದ ರಂಧ್ರದಲ್ಲಿ ಉಜ್ಜಾಡದೆ ಒಳಹೋಗುತ್ತದೆ. ಅಡಕೆಯ ಮರಕ್ಕೆ ಸಮನಾದ ಗೂಟವನ್ನೂ ಚೂಪಾದ ಗೂಟವನ್ನೂ ಬಡಿದು ನೋಡಿದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಿರದಿಂದ ಹೊಡೆಯುವಾಗ ಹಾರಾಟದ ದೋಷವು ಕಡಮೆ, ಒಳಹೋಗುವ ಗುಣವು ಹೆಚ್ಚು ಎಂದು ಈ ವಾಕ್ಯಕ್ಕೆ ಅರ್ಥ ಹೇಳಿದರೆ ತಪ್ಪಾಗಲಾರದು.

ಒಟ್ಟು ತೂಕದ ವಿಚಾರಕ್ಕೆ ಒಂದು ಲೆಕ್ಕವನ್ನು ಕೊಡುತ್ತೇನೆ. ಒಂದೇ ಬಿಲ್ಲಿನಿಂದ ೨ ತೊಲದ ಅಂಬನ್ನೂ ೩ ತೊಲದ ಅಂಬನ್ನೂ ಬಿಡೋಣ. ಬಿಲ್ಲು ಎರಡಕ್ಕೂ ಸಮಾನ ಶಕ್ತಿಯನ್ನು ಕೊಟ್ಟಿತೆಂದು ಇಟ್ಟುಕೊಳ್ಳೋಣ. ಭಾರದ ಅಂಬಿನ ವೇಗವು ನೂರಕ್ಕೆ ಸುಮಾರು ೧೮ ಕಡಮೆ. ಆದರೆ ತೂಕವನ್ನೂ ವೇಗವನ್ನೂ ಗುಣಿಸಿ ಬರುವ ಸಂವೇಗವು ನೂರಕ್ಕೆ ಸುಮಾರು ೨೨ ಹೆಚ್ಚು. ಮೂಳೆ ಮಾಂಸಗಳನ್ನು ನೂಕಿಕೊಂಡು ಹೋಗಲು ಬೇಕಾದುದು ಈ ಸಂವೇಗವೇ. ವಾಸ್ತವದಲ್ಲಿ ಭಾರದ ಅಂಬು ಬಿಲ್ಲಿನ ಶಕ್ತಿಯನ್ನು ಇನ್ನಷ್ಟು ಹೀರಿಕೊಳ್ಳುವುದರಿಂದ ಲಾಭವು ಇನ್ನೂ ತುಸು ಹೆಚ್ಚೇ; ಬಿಲ್ಲಿನ ಅದುರೂ ಸದ್ದೂ ತಗ್ಗುತ್ತವೆ. ನಷ್ಟವೂ ಉಂಟು. ಸೆಕೆಂಡಿಗೆ ೫೦ ಮೀಟರು ಹೋಗುವ ಹಗುರದ ಅಂಬು ೨೦ ಮೀಟರು ಕ್ರಮಿಸುವಷ್ಟರಲ್ಲಿ ಮುಕ್ಕಾಲು ಮೀಟರಿಗೆ ಸ್ವಲ್ಪ ಮಿಗಿಲಾಗಿ ಕೆಳಗಿಳಿದರೆ, ಭಾರದ್ದು ಅದರ ಒಂದೂವರೆಯಷ್ಟು ಇಳಿಯುತ್ತದೆ. ದೂರದ ಅಂದಾಜಿನಲ್ಲಿ ನಾಲ್ಕು ಹೆಜ್ಜೆ ತಪ್ಪಿದರೆ ಏಟೂ ತಪ್ಪಿತು. ಭಾರದ ಅಂಬನ್ನು ಆರಿಸಿದವನು ಮೃಗದ ಹತ್ತಿರಕ್ಕೆ ಹೋಗಲೇಬೇಕು. ಬೇಡನ ವಿದ್ಯೆಯೆಲ್ಲ, ಗಾಳಿ ನೋಡುವುದು, ಹೆಜ್ಜೆ ಸಪ್ಪಳ ಅಡಗಿಸುವುದು, ಸೊಪ್ಪಿನ ಮರೆ ಕಟ್ಟುವುದು, ಈ ಹತ್ತಿರವಾಗುವುದಕ್ಕಾಗಿಯೇ ಹುಟ್ಟಿತು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಶಕ ೧೦೫೧ರ (ಕ್ರಿ. ಶ. ೧೧೨೯) ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ, ಸಾಕಿದ ಜಿಂಕೆಯನ್ನು ತೋರಿಸಿ ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯವೂ ಅಲ್ಲಿದೆ. ಕನ್ನಡನಾಡಿನ ಅರಸನೊಬ್ಬನು ಈ ವಿದ್ಯೆಯನ್ನು ಸಂಸ್ಕೃತದಲ್ಲಿ ಬರೆದನೆಂಬುದು ಸಂತೋಷದ ಸಂಗತಿ. ಆದರೆ ಇಷ್ಟು ಸೂಕ್ಷ್ಮವಾದ ಕಾಡಿನ ತಿಳಿವಳಿಕೆಯು ಅರಮನೆಯಲ್ಲಿ ಹುಟ್ಟತಕ್ಕದ್ದಲ್ಲ. ಅರಸನ ಮುಂದೆ ಕಾಡಿನಲ್ಲಿ ನಡೆದ ಬೇಡನಿಂದ ಅದು ಬಂದಿರಬೇಕು. ಚಿತ್ರದುರ್ಗ, ಸುರಪುರಗಳಲ್ಲಿ ರಾಜ್ಯವಾಳಿದ ನಾಯಕರ ಕುಲವೂ ಅದೇ ಜನದ್ದು. ಗ್ರಂಥಕರ್ತರ ಹೆಸರು ಉಳಿಯಿತು, ಹೇಳಿಕೊಟ್ಟವರ ಹೆಸರು ಉಳಿಯಲಿಲ್ಲ. ಇದನ್ನು ಸಂಸ್ಕೃತವನ್ನೇ ಓದಿ ಬೆಳೆದ ನಾನು ಹೇಳಿದರೆ ಯಾರೂ ಬೇಸರಿಸಬಾರದು.

ಅಂಬು ಯಾರದೆಂಬ ಜಗಳವೂ ಬೇಟೆಯಷ್ಟೇ ಹಳೆಯದು. ಭಾರವಿಯ ಕಿರಾತಾರ್ಜುನೀಯದಲ್ಲಿ ಒಂದೇ ಹಂದಿಗೆ ಅರ್ಜುನನ ಅಂಬೂ ಕಿರಾತವೇಷದ ಶಿವನ ಅಂಬೂ ತಗಲುತ್ತವೆ. ಅರ್ಜುನನು ತನ್ನ ಅಂಬನ್ನು ಕಿತ್ತುಕೊಳ್ಳಲು ಹೋದಾಗ ಒಬ್ಬ ಬೇಡನು ಬಂದು ಅದು ತನ್ನೊಡೆಯನದೆಂದು ವಾದಿಸುತ್ತಾನೆ. ಗಂಗರಾಜ ದುರ್ವಿನೀತನು ಈ ಕಾವ್ಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ಶಾಸನಗಳು ಹೇಳುತ್ತವೆ. ಲೋಕದೃಷ್ಟಿಯಿಂದ ನೋಡಿದರೆ ಈ ವಾದಕ್ಕೆ ಬಲವಾದ ಕಾರಣವಿದೆ: ನೆಟ್ಟಗೆ ತೂಗುವ ಒಂದು ಒಳ್ಳೆಯ ಅಂಬನ್ನು ಮಾಡಲು ದಿನಗಳು ಹಿಡಿಯುತ್ತವೆ, ಅದನ್ನು ಯಾರೂ ಸುಮ್ಮನೆ ಬಿಟ್ಟು ಹೋಗುವುದಿಲ್ಲ.

ಬಂದೂಕು ಬಂದಮೇಲೆ ಈ ವಿದ್ಯೆಯು ಕ್ರಮೇಣ ಕ್ಷೀಣಿಸಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ಅಪರಾಧವಾಯಿತು, ಅದು ಯೋಗ್ಯವೇ. ಗರಿಗೆಂದು ಶಾಸ್ತ್ರವು ಹೊಗಳಿದ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನೇ ೨೦೧೨ರಲ್ಲಿ ರಕ್ಷಿತ ಧಾಮವಾಗಿ ಘೋಷಿಸಬೇಕಾಯಿತು. ಕೋಲೂ ಗರಿಯೂ ಹೋದ ಮೇಲೆ ಉಳಿದಿರುವುದು ಕಲ್ಲು. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯನ್ನು ಎಲ್ಲರೂ ನೋಡಿ ಬರುತ್ತಾರೆ. ನಮ್ಮ ಹೊಲಗಳ ಬದುವಿನಲ್ಲಿರುವ ವೀರಗಲ್ಲುಗಳನ್ನು ನೋಡುವವರಿಲ್ಲ. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ೧೯೦೫ರಲ್ಲಿ ಅಚ್ಚು ಮಾಡಿಸಿದಾಗ ಅಕ್ಷರವಿದ್ದ ಕಲ್ಲುಗಳನ್ನು ಎಣಿಸಿದರು. ಅಕ್ಷರವಿಲ್ಲದೆ ಬರಿಯ ಬಿಲ್ಲುಗಾರನ ರೂಪವಿರುವ ಕಲ್ಲುಗಳು ಲೆಕ್ಕಕ್ಕೆ ಬರಲಿಲ್ಲ. ಅವು ಕಟ್ಟೆಗೂ ತಳಪಾಯಕ್ಕೂ ಹೋಗುತ್ತಿವೆ. ತಿಪ್ಪಸಂದ್ರ, ಕುದೂರು, ಸೋಲೂರು ಹೋಬಳಿಗಳ ವಾಚಕರು ತಮ್ಮ ಊರಿನಲ್ಲಿ ಬಿಲ್ಲು ಕೆತ್ತಿದ ಕಲ್ಲಿದ್ದರೆ ಅದು ನಿಂತಿರುವ ಸ್ಥಳವನ್ನೂ, ಅಂಬಿನ ಮೊನೆಯ ಆಕಾರವನ್ನೂ, ಬತ್ತಳಿಕೆಯು ಬೆನ್ನಿಗಿದೆಯೋ ಸೊಂಟಕ್ಕಿದೆಯೋ ಎಂಬುದನ್ನೂ ಬರೆದು ಈ ಪತ್ರಿಕೆಗೆ ಕಳುಹಿಸಬೇಕಾಗಿ ಪ್ರಾರ್ಥನೆ.