ವಸಡು ರೋಗ: ದೆಹಲಿ ರಾಜಧಾನಿ ಪ್ರದೇಶ

ಹಲ್ಲನ್ನು ಹಿಡಿದಿಟ್ಟಿರುವ ವಸಡು, ತಂತುಗಳು ಮತ್ತು ದವಡೆಯ ಎಲುಬಿಗೆ ತಗಲುವ ದೀರ್ಘಕಾಲದ ಉರಿಯೂತ. ದೆಹಲಿ, ಗುರುಗ್ರಾಮ, ನೋಯ್ಡಾ, ಫರೀದಾಬಾದುಗಳ ಆಡುಮಾತಿನಲ್ಲಿ ಇದೆಲ್ಲಕ್ಕೂ ‘ಪಾಯರಿಯಾ’ ಎಂದೇ ಹೆಸರು. ವೈದ್ಯರು ಎರಡನ್ನು ಬೇರ್ಪಡಿಸುತ್ತಾರೆ. ವಸಡಿಗಷ್ಟೇ ಸೀಮಿತವಾದ ಜಿಂಜಿವೈಟಿಸ್ ಪೂರ್ತಿ ವಾಸಿಯಾಗುತ್ತದೆ. ಎಲುಬನ್ನು ಸವೆಸುವ ಪೆರಿಯೊಡಾಂಟೈಟಿಸನ್ನು ತಡೆದು ನಿಲ್ಲಿಸಬಹುದು. ಕರಗಿದ ಎಲುಬು ಬಹುಮಟ್ಟಿಗೆ ಮರಳುವುದಿಲ್ಲ.

ಕಾರಣ

ಮೂಲ ಕಾರಣ ಹಲ್ಲಿನ ಬುಡದಲ್ಲಿ ಕಟ್ಟುವ ಬ್ಯಾಕ್ಟೀರಿಯಾಗಳ ಪಾಚಿ. 1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಉರಿಯಿತು. ಉಜ್ಜತೊಡಗಿದ ಮೇಲೆ ಶಮನವಾಯಿತು. ಪಾಚಿ ಗಟ್ಟಿಯಾದರೆ ಕಿಟ್ಟ. ಕಿಟ್ಟಕ್ಕೆ ಬೋರ್‌ವೆಲ್ಲಿನ ಗಡಸು ನೀರೇ ಕಾರಣವೆಂದು ಇಲ್ಲಿ ಅನೇಕರ ನಂಬಿಕೆ. ಆದರೆ ಅದಕ್ಕೆ ಬೇಕಾದ ಕ್ಯಾಲ್ಸಿಯಂ ಬರುವುದು ಮುಖ್ಯವಾಗಿ ಜೊಲ್ಲಿನಿಂದ. ಅಂತರ್ಜಲದ ಫ್ಲೋರೈಡ್ ಎಳೆಯ ವಯಸ್ಸಿನಲ್ಲಿ ಹಲ್ಲಿಗೆ ಕಂದು ಕಲೆ ತರುವುದು ನಿಜ, ಅದು ಬೇರೆಯೇ ತೊಂದರೆ. ಮಧುಮೇಹ ಮತ್ತು ವಸಡು ರೋಗ ಒಂದನ್ನೊಂದು ಉಲ್ಬಣಿಸುತ್ತವೆ.

ಗುರುತಿಸುವುದು

ಉಜ್ಜುವಾಗ ರಕ್ತ, ಕೆಂಪೇರಿ ಊದಿದ ಅಂಚು, ಬಿಡದ ಬಾಯಿವಾಸನೆ ಮೊದಲ ಲಕ್ಷಣಗಳು. ವಸಡು ಕೆಳಗಿಳಿಯುವುದು, ಹಲ್ಲು ಅಲುಗುವುದು, ಕೀವು ಇವು ತಡವಾಗಿ ಕಾಣುತ್ತವೆ. ನೋವು ಸಾಮಾನ್ಯವಾಗಿ ಇರುವುದಿಲ್ಲ. ರೋಗಿ ತಡವಾಗಿ ಬರುವುದು ಇದರಿಂದಲೇ. ಅಳತೆಗೋಲಿನ ಸಣ್ಣ ಕಡ್ಡಿಯನ್ನು ವಸಡಿನಂಚಿನಲ್ಲಿ ಇಳಿಸಿ ನೋಡಿದರೆ 3 ಮಿ.ಮೀ. ತನಕ ಸಹಜ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತಸ್ರಾವ ಕಡಿಮೆಯಿರುವುದರಿಂದ ರೋಗ ಒಳಗೇ ಬೆಳೆಯುತ್ತದೆ. ಖೈನಿ, ಗುಟ್ಕಾ ಒತ್ತಿಟ್ಟುಕೊಳ್ಳುವ ಜಾಗದಲ್ಲಿ ವಸಡು ಜಾರುತ್ತದೆ.

ತಂಬಾಕಿನ ಹಲ್ಲುಪುಡಿ

ಉತ್ತರ ಭಾರತದ ವಸಡಿನ ಚರಿತ್ರೆಯಲ್ಲಿ ಈ ಅಧ್ಯಾಯಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಸುಟ್ಟ ತಂಬಾಕಿನ ಗುಲ್ ಬಿಹಾರ, ಪೂರ್ವ ಉತ್ತರ ಪ್ರದೇಶಗಳಲ್ಲಿ ಬೆಳಗಿನ ಹಲ್ಲುಪುಡಿ. ಮಹಾರಾಷ್ಟ್ರದ ಮಿಶ್ರಿ ಇದರದೇ ಜಾತಿ. ಬಿಹಾರ, ಉತ್ತರ ಪ್ರದೇಶಗಳಿಂದ ದುಡಿಮೆಗೆ ಬಂದವರೊಡನೆ ಗುಲ್ ದೆಹಲಿಗೂ ಬಂತು. ಹಲ್ಲುನೋವು ಮರೆಯಾದಂತೆ ತೋರುವುದು, ನಿಕೋಟಿನ್ನಿನ ಚಟ ಅಂಟುವುದು, ಇವೆರಡರಿಂದ ದಿನಕ್ಕೊಮ್ಮೆಯ ಉಜ್ಜು ಹಲವು ಬಾರಿಯಾಗುತ್ತದೆ. 1992ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯಡಿ ತಂಬಾಕುಯುಕ್ತ ಹಲ್ಲುಪುಡಿ, ಪೇಸ್ಟುಗಳನ್ನು ನಿಷೇಧಿಸಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಲಕ್ಷ್ಮೀಕಾಂತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ವಿಚಿತ್ರವೆಂದರೆ, 2003ರ ತಂಬಾಕು ನಿಯಂತ್ರಣ ಕಾಯ್ದೆಯ ಅನುಸೂಚಿಯಲ್ಲಿ ‘ತಂಬಾಕುಯುಕ್ತ ಹಲ್ಲುಪುಡಿ’ ಮತ್ತೆ ಒಂದು ತಂಬಾಕು ಉತ್ಪನ್ನವಾಗಿ ಸೇರಿಕೊಂಡಿದೆ. ಒಂದು ಕಾನೂನು ಇರಕೂಡದೆಂದದ್ದನ್ನು ಇನ್ನೊಂದು ಪಟ್ಟಿಮಾಡಿತು. 2011ರಲ್ಲಿ ದೆಹಲಿಯ ಔಷಧ ವಿಜ್ಞಾನ ಸಂಸ್ಥೆ ಡಿಪ್ಸಾರ್, ಮಾರುಕಟ್ಟೆಯ ಕೆಲವು ಹಲ್ಲುಪುಡಿ, ಪೇಸ್ಟುಗಳಲ್ಲಿ ನಿಕೋಟಿನ್ ಸಿಕ್ಕಿತೆಂದು ವರದಿ ಮಾಡಿತು.

ವ್ಯಾಪ್ತಿ

2002–03ರ ರಾಷ್ಟ್ರೀಯ ಸಮೀಕ್ಷೆ 35–44ರ ವಯಸ್ಸಿನವರಲ್ಲಿ ಶೇ. 90ರಷ್ಟು ಮಂದಿಗೆ ವಸಡಿನ ತೊಂದರೆ ಇದೆಯೆಂದಿತು. ಇದನ್ನು ಎಚ್ಚರದಿಂದ ಓದಬೇಕು: ಬರೀ ರಕ್ತ, ಬರೀ ಕಿಟ್ಟ ಇದ್ದವರೂ ಈ ಲೆಕ್ಕದಲ್ಲಿದ್ದಾರೆ.

ತಡೆ

ದಿನಕ್ಕೆರಡು ಸಲ, ಬ್ರಷ್ಷನ್ನು ವಸಡಿನಂಚಿಗೆ ಓರೆಯಾಗಿ ಹಿಡಿದು ಉಜ್ಜಬೇಕು. ಹಲ್ಲುಗಳ ಸಂದು ಶುಚಿಮಾಡಲು ದಾರ ಅಥವಾ ಸಣ್ಣ ಬ್ರಷ್ ಬೇಕು. ರಸ್ತೆಬದಿಯಲ್ಲಿ ಸಿಗುವ ಬೇವಿನ ಕಡ್ಡಿ ಕೆಟ್ಟದ್ದಲ್ಲ, ಆದರೆ ಸಂದಿಗೆ ಎಟುಕುವುದಿಲ್ಲ. ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬಗ್ಗದು, ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆಂಬ ಭಯ ವ್ಯಾಪಕವಾಗಿದೆ. ಸಡಿಲಿಸಿದ್ದು ರೋಗ, ಕಿಟ್ಟ ತೆಗೆದಾಗ ಅದು ತಿಳಿಯುತ್ತದೆ, ಅಷ್ಟೆ. ಸರ್ಕಾರಿ ವಲಯದಲ್ಲಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆ, ಏಮ್ಸ್‌ನ ದಂತಕೇಂದ್ರ, ರೋಹಿಣಿಯ ಇಎಸ್‌ಐ ದಂತ ಕಾಲೇಜುಗಳಲ್ಲಿ ಚಿಕಿತ್ಸೆ ಇದೆ. ಸೇದುವುದನ್ನು ಬಿಟ್ಟ ಮೊದಲ ವಾರಗಳಲ್ಲಿ ವಸಡಿನಿಂದ ಹೆಚ್ಚು ರಕ್ತ ಕಾಣಬಹುದು. ಅದನ್ನು ಕಂಡು ಮತ್ತೆ ಬೀಡಿ ಹಚ್ಚಬಾರದು.